ಬ್ರೀದರ್ ಪೈಪಿನ ದಾರಿ

ನಮ್ಮ ಕಡೆ ಸ್ಕೂಟರ್‌ಗಳು ರಾತ್ರಿ ಮನೆಯೊಳಗೇ ಮಲಗುತ್ತವೆ. ತಿಪಟೂರಿನ ಹಳೆಯ ಬೀದಿಗಳಲ್ಲಿ ಗೇಟು, ಶೆಡ್ಡು ಇರುವ ಮನೆ ಕಡಿಮೆ. ಕಳ್ಳರ ಭಯ ಮಾತ್ರ ಎಲ್ಲ ಮನೆಗೂ ಉಂಟು. ಹೊಸ್ತಿಲಿಗೆ ಹಲಗೆಯೊಂದನ್ನು ಇಳಿಬಿಟ್ಟು, ಒಬ್ಬರು ಹ್ಯಾಂಡಲ್ ಹಿಡಿದು ಇನ್ನೊಬ್ಬರು ಹಿಂದಿನಿಂದ ನೂಕಿ, ಗಾಡಿಯನ್ನು ನಡುಮನೆಗೆ ಹತ್ತಿಸಿ ನಿಲ್ಲಿಸಿದರೆ ಅಂದಿನ ದಿನ ಮುಗಿಯಿತು. ನಾನು ಬೆಳೆದ ಮನೆಯಲ್ಲಿ ಅಪ್ಪನ ಬಜಾಜ್ ಚೇತಕ್ ನಿಲ್ಲುತ್ತಿದ್ದುದು ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ. “ಚಪ್ಪಲಿ ಹೊರಗೆ ಬಿಡಿ ಅಂತ ಬಂದೋರಿಗೆಲ್ಲ ಹೇಳ್ತೀರಿ, ಊರೆಲ್ಲ ತುಳಿದು ಬಂದ ಟಯರು ಒಳಗೆ ಬರಬಹುದೋ?” ಎಂದು ಅಜ್ಜಿ ಗೊಣಗುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವರು ಆ ಗಾಡಿ ಬುಕ್ ಮಾಡಿದಾಗ ನಾನು ಹುಟ್ಟಿರಲಿಲ್ಲ. ಗಾಡಿ ಮನೆಗೆ ಬಂದಾಗ ನಾನು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದೆ. ಅಷ್ಟು ಕಾದು ಪಡೆದದ್ದನ್ನು ಬೀದಿಯಲ್ಲಿ ಬಿಡುವುದು ಯಾರಿಂದಾದೀತು?

ಆ ಮನೆಗೆ ತನ್ನದೇ ಒಂದು ವಾಸನೆಯಿತ್ತು. ಅಟ್ಟದ ಮೇಲೆ ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಒಣಗುವ ಕಾಯಿ, ದೇವರ ಕೋಣೆಯ ಊದುಬತ್ತಿ, ಇವೆರಡರ ನಡುವೆ ತೂರಿಕೊಂಡು ಬರುವ ಪೆಟ್ರೋಲು. ಬೇಸಗೆಯಲ್ಲಿ ಪೆಟ್ರೋಲಿನದೇ ಯಜಮಾನಿಕೆ. “ಎಲ್ಲೋ ಸೋರ್ತಿದೆ, ನೋಡ್ರೀ” ಎಂದು ಅಮ್ಮ ಹೇಳಿದಾಗಲೆಲ್ಲ ಅಪ್ಪ ಟಾರ್ಚ್ ಹಿಡಿದು ಗಾಡಿಯ ಸಂದಿಗೆ ಕೈ ಹಾಕಿ, ಕಾಕ್, ಪೈಪು, ಕಾರ್ಬುರೇಟರ್ ಎಲ್ಲ ಸವರಿ, ಒಣ ಬೆರಳನ್ನು ಎತ್ತಿ ತೋರಿಸುತ್ತಿದ್ದರು. “ಎಲ್ಲೂ ಸೋರ್ತಿಲ್ಲ ಕಣೇ. ಗಾಡಿ ಅಂದ್ಮೇಲೆ ವಾಸನೆ ಇರುತ್ತೆ.” ಇಬ್ಬರು ಹೇಳಿದ್ದೂ ಸರಿಯೇ. ಹನಿ ಸೋರುತ್ತಿರಲಿಲ್ಲ, ಟ್ಯಾಂಕು ಉಸಿರು ಬಿಡುತ್ತಿತ್ತು.

ಮುಂದೆ ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳಾದೆ. ಆವಿಯ ಒತ್ತಡದ ಪಾಠ ಬಂದಾಗಲೆಲ್ಲ ಆ ಟ್ಯಾಂಕನ್ನೇ ಉದಾಹರಣೆಗೆ ಎಳೆದುತರುತ್ತೇನೆ. ಪೆಟ್ರೋಲು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಕಲಬೆರಕೆ. ಅದರಲ್ಲಿ ಹಗುರವಾದವು 35–40 ಡಿಗ್ರಿ ಶಾಖಕ್ಕೇ ಕುದಿಯಲು ಶುರುಮಾಡುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟಿನ ಕೆಳಗೆ ಅಷ್ಟು ಶಾಖ ಇದ್ದೇ ಇರುತ್ತದೆ. ಹಗಲು ಕಾವೇರಿದಂತೆ ಟ್ಯಾಂಕಿನೊಳಗಿನ ಗಾಳಿಯೂ ಆವಿಯೂ ಹಿಗ್ಗಿ ಹೊರಗೆ ದಾರಿ ಹುಡುಕುತ್ತವೆ. ರಾತ್ರಿ ತಣ್ಣಗಾದಂತೆ ಒಳಗಿನದು ಕುಗ್ಗಿ, ಹೊರಗಿನ ಗಾಳಿ ಒಳಕ್ಕೆ ಸರಿಯುತ್ತದೆ. ಗಾಡಿ ಓಡದೆ ನಿಂತಿದ್ದರೂ ಟ್ಯಾಂಕಿಗೆ ಹಗಲು ಒಂದು ಉಸಿರು, ರಾತ್ರಿ ಒಂದು ಉಸಿರು.

ಓಡುವಾಗಿನದು ಬೇರೆಯೇ ಲೆಕ್ಕ. ಹಿಂದೆ ದಿನಸಿ ಅಂಗಡಿಯಲ್ಲಿ ಎಣ್ಣೆ ಡಬ್ಬ ಒಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ತೂತು ಹೊಡೆದರೆ ಎಣ್ಣೆ ಗಳಗಳ ಎಂದು ಒಂದಿಷ್ಟು ಬಿದ್ದು ನಿಲ್ಲುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದರೆ ಮಾತ್ರ ಧಾರೆ ಕಟ್ಟುತ್ತದೆ. ಹಳೆಯ ಸ್ಕೂಟರುಗಳಲ್ಲಿ ಪೆಟ್ರೋಲನ್ನು ನೂಕುವ ಪಂಪು ಇರಲಿಲ್ಲ. ಸೀಟಿನ ಕೆಳಗೆ ಟ್ಯಾಂಕು, ಅದರ ಕೆಳಗೆ ಒಂದು ಗೇಣು ಅಂತರದಲ್ಲಿ ಕಾರ್ಬುರೇಟರ್. ತಾನಾಗಿ ಇಳಿದು ಬರಬೇಕು, ಅಷ್ಟೇ. ಆ ಒಂದು ಗೇಣು ಪೆಟ್ರೋಲಿನ ಭಾರದಿಂದ ಸಿಗುವ ಒತ್ತಡವನ್ನು ಒಮ್ಮೆ ಲೆಕ್ಕ ಹಾಕಿ ನೋಡಿದೆ. ನಮ್ಮನ್ನೆಲ್ಲ ಸುತ್ತಿಕೊಂಡಿರುವ ವಾತಾವರಣದ ಒತ್ತಡದಲ್ಲಿ ನೂರಕ್ಕೆ ಎರಡು ಪಾಲೂ ಆಗುವುದಿಲ್ಲ. ಎಂದರೆ ಟ್ಯಾಂಕಿನೊಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟೇ ಅಷ್ಟು ಇಳಿದರೂ ಸಾಕು, ಪೆಟ್ರೋಲು ಇದ್ದಲ್ಲೇ ನಿಂತುಬಿಡುತ್ತದೆ. ಟ್ಯಾಂಕು ತುಂಬಿದ್ದಾಗ ಮೇಲೆ ಗಾಳಿಗೆ ಜಾಗ ಕಡಿಮೆ, ಆಗ ಇನ್ನೂ ಬೇಗ ನಿಲ್ಲುತ್ತದೆ. ಬಂಕಿನಲ್ಲಿ ಈಗ ತಾನೇ ತುಂಬಿಸಿದ ಗಾಡಿ ಕಣ್ಣೆದುರೇ ಕೆಮ್ಮಿ ನಿಂತರೆ ಜನ ಬಂಕಿನವರನ್ನು ಬೈಯುತ್ತಾರೆ. ಕೆಲವು ಸಲ ಬಂಕಿನವರ ತಪ್ಪಿರುವುದಿಲ್ಲ.

ಅಪ್ಪನ ಗಾಡಿಯಲ್ಲಿ ಉಸಿರಿನ ದಾರಿಯೆಂದರೆ ಟ್ಯಾಂಕಿನ ಮುಚ್ಚಳದಲ್ಲಿದ್ದ ಒಂದು ಸಣ್ಣ ತೂತು. ಪೈಪಿಲ್ಲ, ಕವಾಟವಿಲ್ಲ. ಇದು ಇಟಲಿಯಿಂದ ಬಂದ ಬಳುವಳಿ. ಎರಡನೆಯ ಮಹಾಯುದ್ಧದಲ್ಲಿ ನೆಲಕಚ್ಚಿದ ಪಿಯಾಜಿಯೊ ಎಂಬ ವಿಮಾನ ಕಂಪನಿಗಾಗಿ ಕೊರಾಡಿನೊ ದಾಸ್ಕಾನಿಯೊ 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದರು. ಆತ ಮೂಲತಃ ಹೆಲಿಕಾಪ್ಟರಿನ ಮನುಷ್ಯ; 1930ರಲ್ಲೇ ಒಂದನ್ನು ಹಾರಿಸಿ ತೋರಿಸಿದ್ದವರು. ಅವರಿಗೆ ಮೋಟರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ, ಹಾಗಾಗಿಯೇ ಎಂಜಿನ್ನು, ಎಣ್ಣೆ, ಕೊಳೆ ಎಲ್ಲವನ್ನೂ ತಗಡಿನ ಹಿಂದೆ ಮರೆಮಾಡಿ, ಸೀರೆ ಉಟ್ಟವರೂ ಪಂಚೆ ಕಟ್ಟಿದವರೂ ಕೂರುವಂಥ ಗಾಡಿ ಮಾಡಿದರು. ಸೀರೆ, ಪಂಚೆ ಅವರ ಮನಸ್ಸಿನಲ್ಲಿ ಖಂಡಿತ ಇರಲಿಲ್ಲ. ಫಲ ನಮಗೆ ಸಿಕ್ಕಿತು. ಬಜಾಜಿನವರು 1948ರಿಂದ ಇಂಥ ಗಾಡಿಗಳನ್ನು ತರಿಸಿ ಮಾರುತ್ತಿದ್ದು, 1959ರಲ್ಲಿ ಇಲ್ಲೇ ತಯಾರಿಸುವ ಪರವಾನಗಿ ಪಡೆದರು. ಪಿಯಾಜಿಯೊ ಜತೆಗಿನ ಒಪ್ಪಂದ 1971ರಲ್ಲಿ ಮುಗಿಯಿತು. 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಬಂತು. ಹೆಸರು ರಜಪೂತರದು, ಮೈಕಟ್ಟು ಇಟಲಿಯದು, ಕಾಯುವ ತಾಳ್ಮೆ ನಮ್ಮದು.

ಆ ಮುಚ್ಚಳದ ತೂತಿನ ಬೆಲೆ ನಮ್ಮ ಮನೆಗೆ ಗೊತ್ತಾದದ್ದು ಒಂದು ರಬ್ಬರ್ ವಾಷರಿನಿಂದ. ಹಳೆಯದು ಸವೆದು ಪೆಟ್ರೋಲು ತುಳುಕುತ್ತಿತ್ತೆಂದು ಅಪ್ಪ ಪಂಕ್ಚರ್ ಅಂಗಡಿಯಲ್ಲಿ ಲಾರಿ ಟ್ಯೂಬಿನಿಂದ ಒಂದು ಬಿಲ್ಲೆ ಕತ್ತರಿಸಿ ತಂದು ಮುಚ್ಚಳಕ್ಕೆ ಹಾಕಿದರು. ಅಚ್ಚುಕಟ್ಟಾಗಿ ಕೂತಿತು, ಒಂದು ತೊಟ್ಟೂ ತುಳುಕಲಿಲ್ಲ. ಮರುದಿನ ಹುಳಿಯಾರಿನ ಕಡೆ ಹೊರಟ ಗಾಡಿ ಊರು ದಾಟಿದ್ದೇ ನಿಂತಿತು. ಆ ಕಾಲದಲ್ಲಿ ಸ್ಕೂಟರ್ ನಿಂತರೆ ಮಾಡಬೇಕಾದ ಸಂಸ್ಕಾರಗಳು ಎಲ್ಲರಿಗೂ ಬಾಯಿಪಾಠ: ಮೊದಲು ಕಾಕ್ ತಿರುಗಿಸಿ ರಿಸರ್ವಿಗೆ ತರುವುದು, ಪ್ಲಗ್ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜುವುದು, ಕೊನೆಗೆ ಗಾಡಿಯನ್ನೇ ಪಕ್ಕಕ್ಕೆ ವಾಲಿಸಿ ಎಬ್ಬಿಸುವುದು. ವಾಲಿಸುವ ವಿದ್ಯೆಯಂತೂ ಇಡೀ ದೇಶದ್ದು. ಟೈ ಕಟ್ಟಿದ ಆಫೀಸರೂ ನಡುಬೀದಿಯಲ್ಲಿ ಮಾಡುತ್ತಿದ್ದರು. ಅಪ್ಪ ಎಲ್ಲ ಮುಗಿಸಿ, ಪೆಟ್ರೋಲೇ ಇಲ್ಲವೇನೋ ಎಂದು ಮುಚ್ಚಳ ತೆಗೆದರು. ಸುಸ್ಸೆಂದು ಸದ್ದಾಯಿತಂತೆ. ಮುಚ್ಚಿ ಒದ್ದರೆ ಒಂದೇ ಕಿಕ್ಕಿಗೆ ಸ್ಟಾರ್ಟು. ಒಂದೆರಡು ಮೈಲಿ ಹೋಗುವುದರಲ್ಲಿ ಮತ್ತೆ ಅದೇ ಪಾಡು. ಹುಳಿಯಾರು ಮುಟ್ಟುವಷ್ಟರಲ್ಲಿ ಅವರಿಗೆ ರೋಗವೂ ಮದ್ದೂ ಎರಡೂ ಹೊಳೆದಿದ್ದವು: ಹೊಸ ಬಿಲ್ಲೆ ಮುಚ್ಚಳದ ತೂತನ್ನೇ ಮುಚ್ಚಿತ್ತು. ಮನೆಗೆ ಬಂದವರೇ ಮೂಟೆ ಹೊಲಿಯುವ ದಬ್ಬಳವನ್ನು ಒಲೆಯಲ್ಲಿ ಕಾಯಿಸಿ, ಗಾಡಿಯಿಂದ ದೂರ ಹಿತ್ತಿಲಲ್ಲಿ ಕೂತು, ವಾಷರಿಗೆ ತೂತು ಹಾಕಿದರು. ಅದೇ ವಾಷರು ಗಾಡಿ ಮಾರುವವರೆಗೂ ಬಾಳಿತು. ವಾಸನೆಯೂ ವಾಪಸ್ಸು ಬಂತು. ಅಮ್ಮ ಮತ್ತೆ “ಎಲ್ಲೋ ಸೋರ್ತಿದೆ” ಎಂದರು.

ಈಗ ನೆನೆದರೆ ಎದೆ ಝಲ್ಲೆನ್ನುವುದು ಇನ್ನೊಂದು ಕಾರಣಕ್ಕೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೆಲ ಹಿಡಿದು ತೆವಳುತ್ತದೆ, ತಗ್ಗು ಹುಡುಕಿ ಕೂರುತ್ತದೆ. ಅಜ್ಜಿಯ ನಂದಾದೀಪ ಇದ್ದುದು ನೆಲದ ಮೇಲೆ, ಚೇತಕ್‌ನಿಂದ ಎರಡು ಮಾರು ದೂರದಲ್ಲಿ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರದೆ ಅದು ಹೊತ್ತಿಕೊಳ್ಳುವುದಿಲ್ಲ. ನಡುಮನೆ ದೊಡ್ಡದಿತ್ತು, ಹೆಂಚಿನ ಸಂದಿಯಲ್ಲಿ ಗಾಳಿಯಾಡುತ್ತಿತ್ತು, ಬಚಾವಾದೆವು. ಅಜ್ಜಿ ಟಯರಿನ ಮೈಲಿಗೆಯ ಬಗ್ಗೆ ಎತ್ತಿದ ತಕರಾರು ಬೇರೆ ಶಾಸ್ತ್ರದ್ದು, ಆದರೆ ತೀರ್ಪು ಸರಿಯಾಗಿತ್ತು.

ನನ್ನ ಕಾಲಕ್ಕೆ ಗೇರಿಲ್ಲದ ಸ್ಕೂಟರು ಬಂದಿತ್ತು. 1984ರಲ್ಲಿ ಕೈನೆಟಿಕ್ ಹೋಂಡಾ ಬಂದಮೇಲೆ, ಕಿಕ್ಕು ಒದೆಯದೆ ಬಟನ್ ಒತ್ತಿ ಹೊರಡಬಹುದೆಂದು ಹೆಂಗಸರಿಗೂ ಧೈರ್ಯ ಬಂತು. ನನ್ನದು ಅದಕ್ಕಿಂತ ಎಷ್ಟೋ ಈಚಿನದು, ಹೆಸರು ಬೇಡ. ಅದರ ಮುಚ್ಚಳದಲ್ಲಿ ತೂತಿರಲಿಲ್ಲ. ಟ್ಯಾಂಕಿನ ನೆತ್ತಿಯಲ್ಲಿ ಕಿರುಬೆರಳ ತುದಿಯಷ್ಟು ಒಂದು ಮೂತಿ, ಅದಕ್ಕೊಂದು ಕರಿ ರಬ್ಬರ್ ಪೈಪು. ಗ್ಯಾರೇಜಿನವರು ಬ್ರೀದರ್ ಪೈಪ್ ಅನ್ನುತ್ತಾರೆ, ಕೆಲವರು ಏರ್ ಪೈಪ್ ಅನ್ನುತ್ತಾರೆ. ಟ್ಯಾಂಕು ತೊಳೆಸಲೆಂದು ಒಂದು ಗ್ಯಾರೇಜಿಗೆ ಬಿಟ್ಟು ತಂದಮೇಲೆ ನನ್ನ ಗಾಡಿಗೆ ಎರಡು ಕಾಯಿಲೆ ಒಟ್ಟಿಗೆ ಅಂಟಿದವು. ಕಿಬ್ಬನಹಳ್ಳಿ ಕ್ರಾಸಿನ ಕಡೆ ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುವುದು. ಮನೆಗೆ ಬಂದು ನಿಂತರೆ ತಲೆನೋಯುವಷ್ಟು ವಾಸನೆ. ಅದೇ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ಊದಿದರು, ಕಡೆಗೆ “ಪೆಟ್ರೋಲ್ ಸರಿಯಿಲ್ಲ ಮೇಡಂ” ಎಂದರು.

ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಮರದ ಕೆಳಗೆ ಕೂರುವ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ನಮ್ಮ ಯಜಮಾನರೂ ಜತೆಗಿದ್ದರು. ರೋಗದ ಲಕ್ಷಣ ಹೇಳಿದವಳು ನಾನು. ಮೇಸ್ತ್ರಿ ಉತ್ತರ ಕೊಟ್ಟದ್ದು ಅವರಿಗೆ. “ಸಾರ್, ಮೇಡಮ್ಮೋರ ಗಾಡಿಗೆ ಉಸ್ರು ಕಟ್ಟೈತೆ.” ಯಜಮಾನರಿಗೆ ಸ್ಕೂಟರಿನಲ್ಲಿ ಪೆಟ್ರೋಲು ಎಲ್ಲಿ ಹಾಕುತ್ತಾರೆ ಎನ್ನುವುದಕ್ಕಿಂತ ಹೆಚ್ಚು ಗೊತ್ತಿಲ್ಲ; ಗಂಭೀರವಾಗಿ ತಲೆಯಾಡಿಸಿದರು. ನಾನು ಕಲ್ಲು ಚಪ್ಪಡಿಯ ಮೇಲೆ ಕೂತು ಮೂಗು ತೂರಿಸಿ ನೋಡತೊಡಗಿದ ಮೇಲೆ ಮೇಸ್ತ್ರಿ ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿದರು.

ಸೀಟು, ಡಿಕ್ಕಿ ಎಲ್ಲ ಬಿಚ್ಚಿದಾಗ ಕಂಡದ್ದು ಇಷ್ಟು. ತೊಳೆದವರು ಬ್ರೀದರ್ ಪೈಪನ್ನು ಅದರ ಜಾಗದಲ್ಲಿ ಇಟ್ಟಿರಲಿಲ್ಲ. ಟ್ಯಾಂಕಿನ ಮೂತಿಯಿಂದ ಹೊರಟದ್ದು ನೇರ ಕೆಳಗಿಳಿದು, ಡಿಕ್ಕಿಯ ತಳಕ್ಕೂ ಚಾಸಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿ, ಮತ್ತೆ ಮೇಲೆದ್ದು, ತುದಿ ಸೀಟಿನ ಕೆಳಗೇ ಎಲ್ಲೋ ಉಳಿದಿತ್ತು. ಆ ಜೋಲಿನ ತಗ್ಗಿನಲ್ಲಿ ಒಂದು ಗುಟುಕು ಪೆಟ್ರೋಲು ನಿಂತಿತ್ತು. ನಾನು ಕೂತಾಗ ಪೈಪು ಅಮುಕಿ ಉಸಿರು ಕಟ್ಟುತ್ತಿತ್ತು. ಇಳಿದಾಗ ತೆರೆದುಕೊಂಡು ಆವಿಯನ್ನೆಲ್ಲ ಡಿಕ್ಕಿಯ ಸುತ್ತ ತುಂಬುತ್ತಿತ್ತು. ಎರಡು ಕಾಯಿಲೆಗೂ ಮೂಲ ಒಂದೇ. ನನ್ನ ತೂಕದ ಪಾತ್ರದ ಬಗ್ಗೆ ಯಜಮಾನರು ಏನೋ ಹೇಳಹೊರಟು ಸುಮ್ಮನಾದರು.

ಆಮೇಲೆ ಮೇಸ್ತ್ರಿ ಪೈಪು ಹಾಯಿಸಿದ ರೀತಿಯನ್ನು ನಾನು ಇಂದಿಗೂ ತರಗತಿಯಲ್ಲಿ ಹೇಳುತ್ತೇನೆ. ಹಳೆಯ ಪೈಪನ್ನು ಬಗ್ಗಿಸಿ ನೋಡಿದರು. ಪಟಪಟನೆ ಬಿರುಕು ಬಿಟ್ಟಿತು. ಮೀನಿನ ತೊಟ್ಟಿಗೆ, ಕೂಲರಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಕೊಳವೆಯನ್ನು ಇಲ್ಲಿಗೆ ಹಾಕುವವರೂ ಇದ್ದಾರೆ. ಪೆಟ್ರೋಲು ಅದರ ಮೆದುತನವನ್ನೆಲ್ಲ ಹೀರಿಕೊಂಡು ಕೆಲವೇ ತಿಂಗಳಲ್ಲಿ ಕಡ್ಡಿ ಮಾಡಿಬಿಡುತ್ತದೆ. ಪೆಟ್ರೋಲಿಗೆ ತಾಳುವುದು ನೈಟ್ರೈಲ್ ರಬ್ಬರು. ಅದರದೊಂದು ಹೊಸ ಪೈಪು ತರಿಸಿ, ಒಂದು ತುದಿಗೆ ಬಾಯಿಟ್ಟು ಊದಿ ಇನ್ನೊಂದು ತುದಿಗೆ ಅಂಗೈ ಹಿಡಿದು ನೋಡಿದರು. ಮೂತಿಗೆ ಸಿಕ್ಕಿಸಿದ ಮೇಲೆ ಕೆಳಗೆ ಬಿಡಲಿಲ್ಲ, ಮೊದಲು ಮೇಲಕ್ಕೆ ಏರಿಸಿದರು. ಟ್ಯಾಂಕಿನ ನೆತ್ತಿಗಿಂತ ಎತ್ತರದಲ್ಲಿ ಚಾಸಿಗೆ ಒಂದು ಸುತ್ತು ತಂದು ಕ್ಲಿಪ್ ಹಾಕಿದರು. ರಸ್ತೆ ಹಂಪಿನಲ್ಲಿ ಪೆಟ್ರೋಲು ತುಳುಕಿದರೂ ಆ ಏರನ್ನು ಹತ್ತಲಾರದೆ ಟ್ಯಾಂಕಿಗೇ ಮರಳುತ್ತದೆ. ಆ ಏರಿಲ್ಲದಿದ್ದರೆ ತುಳುಕಿದ್ದೆಲ್ಲ ಪೈಪಿನಲ್ಲಿ ಇಳಿದು ಹೊರಗೆ ಸುರಿದುಹೋದೀತು. ಅಲ್ಲಿಂದಾಚೆ ಎಲ್ಲೂ ಮತ್ತೆ ಮೇಲೇಳದ ಹಾಗೆ ಒಂದೇ ಇಳಿಜಾರು. “ನಡುವೆ ತಗ್ಗು ಬಿಟ್ರೆ ಅಲ್ಲಿ ಪೆಟ್ರೋಲ್ ನಿಂತ್ಕಂಡು ಬಿರಡೆ ಆಗ್ತದೆ ಮೇಡಂ. ಪೈಪ್ ಐತೆ ಅಂತ ಕಾಣ್ತದೆ, ಗಾಳಿ ಹೋಗಲ್ಲ.”

ತುದಿಯನ್ನು ಎಲ್ಲಿ ಬಿಡಬೇಕು ಎನ್ನುವುದೇ ನಿಜವಾದ ಕಷ್ಟ. ಸ್ಕೂಟರಿನ ಹಿಂಭಾಗ ಇಕ್ಕಟ್ಟು. ಬಲಕ್ಕೆ ಸೈಲೆನ್ಸರ್, ಅದು ಕಾದ ಕಬ್ಬಿಣ. ಅದರ ಹತ್ತಿರ ಪೆಟ್ರೋಲಿನ ಆವಿ ತರುವಂತಿಲ್ಲ. ಎಡಕ್ಕೆ ಬೆಲ್ಟಿನ ಪೆಟ್ಟಿಗೆ, ಅದಕ್ಕೂ ತಂಪಿಗಾಗಿ ಗಾಳಿ ಎಳೆಯುವ ಬಾಯಿ ಉಂಟು. ಪಕ್ಕದಲ್ಲಿ ಏರ್ ಫಿಲ್ಟರ್. ನಡುವೆ ಟಯರು. ಅದರ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಮೊದಲ ತಿರುವಿನಲ್ಲೇ ಜಾರಿ ಬೀಳಬೇಕು. ಸಾಲದೆಂಬಂತೆ ಸ್ಕೂಟರಿನ ಎಂಜಿನ್ನು ಬೈಕಿನ ಹಾಗೆ ಚಾಸಿಗೆ ಬಿಗಿದಿರುವುದಿಲ್ಲ. ಹಿಂದಿನ ಚಕ್ರ, ಬೆಲ್ಟು, ಎಂಜಿನ್ನು ಎಲ್ಲ ಒಂದೇ ಗಂಟು. ಗುಂಡಿ ಬಂದಾಗಲೆಲ್ಲ ಇಡೀ ಗಂಟೇ ಮೇಲೆ ಕೆಳಗೆ ಆಡುತ್ತದೆ. ಪೈಪನ್ನು ಅದಕ್ಕೆ ಕಟ್ಟಿದರೆ ನಮ್ಮ ರಸ್ತೆಗಳಲ್ಲಿ ಎಷ್ಟು ದಿನ ಬಾಳೀತು ಹೇಳಬೇಕಿಲ್ಲ. ಮೇಸ್ತ್ರಿ ಅಲುಗದ ಚಾಸಿಯ ಕೊಳವೆಯನ್ನೇ ಹಿಡಿದು ಪೈಪನ್ನು ಇಳಿಸಿ, ಸೈಲೆನ್ಸರಿನ ಎದುರು ಮಗ್ಗುಲಿಗೆ ತಂದು, ಟಯರಿಗಿಂತ ಮುಂದೆ, ಎಂಜಿನ್ನಿಗಿಂತ ಕೆಳಗೆ ಬಯಲಿಗೆ ಬಿಟ್ಟರು. ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದರು. ನೇರ ಕತ್ತರಿಸಿದ ಬಾಯನ್ನು ಒಂದು ಮಣ್ಣಿನ ಹೆಂಟೆ ಮುಚ್ಚಬಹುದು, ಓರೆಯ ಬಾಯನ್ನು ಮುಚ್ಚುವುದು ಕಷ್ಟ.

ಅಲ್ಲೇ ಮೂರು ಕರಿ ಪೈಪು ಒಂದೇ ದಪ್ಪದವು ಇದ್ದವು. ಒಂದು ಪೆಟ್ರೋಲಿನದು, ಒಂದು ಬ್ರೀದರು, ಇನ್ನೊಂದು ಆಟೊ ಕಾಕಿನ ವ್ಯಾಕ್ಯೂಮ್ ಪೈಪು; ಎಂಜಿನ್ನು ಎಳೆಯುವ ನಿರ್ವಾತದಿಂದ ಕಾಕು ತೆರೆಯುತ್ತದೆ, ಎಂಜಿನ್ನು ನಿಂತರೆ ಮುಚ್ಚುತ್ತದೆ. ಬ್ರೀದರನ್ನೂ ವ್ಯಾಕ್ಯೂಮನ್ನೂ ಅದಲುಬದಲು ಮಾಡಿದರೆ ಗಾಡಿ ಏನೇನು ನಾಟಕ ಆಡುತ್ತದೆಂದು ಮೇಸ್ತ್ರಿ ಅಭಿನಯಿಸಿಯೇ ತೋರಿಸಿದರು. ಅದನ್ನು ಬರೆದು ತೋರಿಸುವ ಶಕ್ತಿ ನನಗಿಲ್ಲ.

ಪೈಪಿಗೆ ಇನ್ನೊಂದು ಶತ್ರು ಉಂಟು, ಅದಕ್ಕೆ ಯಾವ ಮೇಸ್ತ್ರಿಯೂ ಹೊಣೆಯಲ್ಲ. ಕುಂಬಾರ ಹುಳ. ಬಾಗಿಲ ಚೌಕಟ್ಟು, ಬೀಗದ ತೂತು, ಸ್ವಿಚ್ ಬೋರ್ಡು ಎಲ್ಲಿ ಸಣ್ಣ ಪೊಟರೆ ಕಂಡರೂ ಒದ್ದೆ ಮಣ್ಣು ತಂದು ಗೂಡು ಕಟ್ಟುವ ಆ ಹುಳಕ್ಕೆ, ಓಡದೆ ನಿಂತ ಸ್ಕೂಟರಿನ ಪೈಪು ಕಟ್ಟಿಸಿಟ್ಟ ಮನೆ. ಮಕ್ಕಳು ಬೆಂಗಳೂರಿಗೆ ಓದಲು ಹೋದ ಮನೆಗಳಲ್ಲಿ ಧೂಳು ಹಿಡಿದು ನಿಂತ ಗಾಡಿಗಳಿಗೆ ಈ ಬಾಧೆ ಹೆಚ್ಚು. ಇದು ನಮ್ಮೂರಿನ ಬಡ ಸ್ಕೂಟರುಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 2011ರಲ್ಲಿ ಮಾಜ್ದಾ ಕಂಪನಿ ಹತ್ತಾರು ಸಾವಿರ ಕಾರುಗಳನ್ನು ವಾಪಸ್ಸು ಕರೆಸಿತು. ಕಾರಣ ಹಳದಿ ಬಣ್ಣದ ಒಂದು ಜೇಡ. ಪೆಟ್ರೋಲಿನ ವಾಸನೆಗೆ ಮರುಳಾಗುವ ಆ ಜಾತಿ, ಟ್ಯಾಂಕಿನ ಗಾಳಿ ಕೊಳವೆಯಲ್ಲಿ ಬಲೆ ನೇಯ್ದುಬಿಡುತ್ತಿತ್ತು; ದಾರಿ ಕಟ್ಟಿ ಒಳಗೆ ನಿರ್ವಾತವಾಗಿ ಟ್ಯಾಂಕು ಬಿರಿಯುವ ಅಪಾಯವಿತ್ತು. ಎಂಜಿನಿಯರುಗಳು ಜೇಡ ನುಗ್ಗದಂತೆ ಕೊಳವೆಯೊಳಗೆ ಸ್ಪ್ರಿಂಗ್ ಕೂರಿಸಿದರು. 2014ರಲ್ಲಿ ಅದೇ ಜೇಡದ ದೆಸೆಯಿಂದ ಮತ್ತೆ ಕಾರುಗಳನ್ನು ಕರೆಸಬೇಕಾಯಿತು. ಆ ಸಲ ಕಾರಿನ ಕಂಪ್ಯೂಟರಿನ ತಂತ್ರಾಂಶವನ್ನೇ ತಿದ್ದಿದರು. ಜೇಡದೊಡನೆ ರಾಜಿಯಾಯಿತು ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಜತನ ಮಾಡಿ ಪೈಪಿನ ತುದಿಯನ್ನು ಬಯಲಿಗೆ ಬಿಟ್ಟೆವು, ಸರಿ. ಅಲ್ಲಿಂದ ಹೊರಟ ಆವಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಕೇಳಿದವರು ಅನಾನಸಿನ ವಾಸನೆಯ ತಜ್ಞರೊಬ್ಬರು. ಏರಿ ಹಾಗನ್-ಸ್ಮಿತ್, ಹಾಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕೆಲಸ ಮಾಡುತ್ತಿದ್ದ ರಸಾಯನ ವಿಜ್ಞಾನಿ. ಅನಾನಸಿಗೆ ಆ ಪರಿಮಳ ಎಲ್ಲಿಂದ ಬರುತ್ತದೆಂದು ಸೋಸಿ ನೋಡುತ್ತಿದ್ದವರು, ಲಾಸ್ ಏಂಜಲಿಸ್ ಊರಿನ ಕಣ್ಣುರಿಸುವ ಹೊಗೆಮಂಜನ್ನೂ ಅದೇ ರೀತಿ ಸೋಸಿ ನೋಡಿದರು. 1950ರ ದಶಕದ ಆರಂಭದಲ್ಲಿ ಅವರು ತೋರಿಸಿಕೊಟ್ಟದ್ದು: ಪೆಟ್ರೋಲಿನ ಆವಿಯಂಥ ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ನಿನ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಝೋನ್ ಉಂಟುಮಾಡುತ್ತವೆ. ಹೊಗೆ ಕೊಳವೆಯಿಂದ ಬಂದದ್ದಷ್ಟೇ ಕೆಡುಕಲ್ಲ. ನಿಂತ ಗಾಡಿಯ ಉಸಿರಿಗೂ ಅದರಲ್ಲಿ ಪಾಲಿದೆ. ಕ್ಯಾಲಿಫೋರ್ನಿಯಾ 1970ರ ಕಾರುಗಳಿಂದ, ಉಳಿದ ಅಮೆರಿಕ ಮರುವರ್ಷದಿಂದ, ಟ್ಯಾಂಕಿನ ಆವಿಯನ್ನು ಬಯಲಿಗೆ ಬಿಡಕೂಡದೆಂದು ಕಟ್ಟು ಮಾಡಿದವು. ನಮ್ಮ ಸ್ಕೂಟರುಗಳಿಗೆ ಆ ಕಟ್ಟು ಬಂದದ್ದು ಬಿಎಸ್ 4 ಎಂಬ ಮಾಲಿನ್ಯ ನಿಯಮದ ಜತೆ, 2017ರಲ್ಲಿ. ಅಪ್ಪನ ಚೇತಕ್ ಅಷ್ಟರಲ್ಲಿ ಗುಜರಿ ಸೇರಿತ್ತು.

ನನ್ನ ಮಗಳ ಬಿಎಸ್ 6 ಸ್ಕೂಟರಿನಲ್ಲಿ ಹಾಗಾಗಿ ಬ್ರೀದರ್ ಪೈಪು ಬಯಲಿಗೆ ಬರುವುದಿಲ್ಲ. ಟ್ಯಾಂಕಿನಿಂದ ಹೊರಟು, ಗಾಡಿ ಮಗುಚಿದರೆ ತಾನೇ ಮುಚ್ಚಿಕೊಳ್ಳುವ ಒಂದು ಕವಾಟ ದಾಟಿ, ಕ್ಯಾನಿಸ್ಟರ್ ಎಂಬ ಡಬ್ಬಿಗೆ ಹೋಗಿ ಸೇರುತ್ತದೆ. ಅದರೊಳಗೆ ಇರುವುದು ಇದ್ದಿಲು. ಮೈಯೆಲ್ಲ ಸೂಕ್ಷ್ಮ ರಂಧ್ರ ಮಾಡಿದ ಸಕ್ರಿಯ ಇದ್ದಿಲು. ಗಾಡಿ ನಿಂತಿದ್ದಾಗ ಬಂದ ಆವಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ನು ಓಡತೊಡಗಿದ ಮೇಲೆ ಇನ್ನೊಂದು ಕವಾಟ ತೆರೆದು, ಡಬ್ಬಿಯೊಳಗೆ ಹೊಸ ಗಾಳಿ ಹಾಯ್ದು, ಹಿಡಿದಿಟ್ಟ ಆವಿಯೆಲ್ಲ ಎಂಜಿನ್ನಿಗೇ ಹೋಗಿ ಸುಟ್ಟುಹೋಗುತ್ತದೆ. ಅಮ್ಮನ ನಡುಮನೆಯಲ್ಲಿ ವಾಸನೆಯಾಗಿ ಹೋಗುತ್ತಿದ್ದ ಪೆಟ್ರೋಲಿಗೆ ಈಗ ಒಂದಿಷ್ಟು ಮೈಲೇಜು. ಹೊಸ ಗಾಳಿ ಬರಲು ಕ್ಯಾನಿಸ್ಟರಿಗೂ ಕೆಳಗೊಂದು ಬಾಯಿ ಬೇಕೇ ಬೇಕು. ಕುಂಬಾರ ಹುಳಕ್ಕೆ ನಿರಾಸೆಯಾಗಬೇಕಿಲ್ಲ.

ಇದ್ದಿಲು ಅಂದಾಕ್ಷಣ ನಮ್ಮೂರಿನವಳಾಗಿ ನನ್ನ ಕಿವಿ ನೆಟ್ಟಗಾಯಿತು. ಕೊಬ್ಬರಿ ತೆಗೆದಮೇಲೆ ಉಳಿಯುವ ಕರಟ ನಮ್ಮಲ್ಲಿ ರಾಶಿ ರಾಶಿ. ಕರಟದ ಇದ್ದಿಲಿನಿಂದ ಮಾಡಿದ ಸಕ್ರಿಯ ಇಂಗಾಲ ನೀರು ಶೋಧಿಸಲು, ಗಣಿಯಲ್ಲಿ ಚಿನ್ನ ಹಿಡಿಯಲು ಲೋಕದಲ್ಲೆಲ್ಲ ಬಳಕೆಯಾಗುತ್ತದೆ. ಮಗಳ ಸ್ಕೂಟರಿನಲ್ಲಿ ತಿಪಟೂರಿನ ಕರಟ ಇರಬಹುದೆಂದು ಹಿಗ್ಗಿ ಓದಿ ನೋಡಿದರೆ, ಕರಟದ ರಂಧ್ರ ತೀರಾ ಸಣ್ಣವು. ಪೆಟ್ರೋಲಿನ ಆವಿಯನ್ನು ಹಿಡಿಯುತ್ತದೆ, ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಿಡಿಯುವುದೂ ಬಿಡುವುದೂ ಎರಡೂ ಬೇಕಾದ ಈ ಕೆಲಸಕ್ಕೆ ಹೆಚ್ಚಾಗಿ ಮರದ ಪುಡಿಯಿಂದ ಮಾಡಿದ, ತುಸು ದೊಡ್ಡ ರಂಧ್ರದ ಇದ್ದಿಲೇ ಒಗ್ಗುತ್ತದಂತೆ. ಕರಟ ನಮ್ಮೂರಿನದು, ಬಿಗಿಮುಷ್ಟಿ; ಆಶ್ಚರ್ಯವಾಗಲಿಲ್ಲ.

ಹೊಸ ಮಾದರಿಯ ಗಾಡಿಯನ್ನು ಗಾಳಿಯಾಡದ ಕೋಣೆಯಲ್ಲಿ ಕೂಡಿಹಾಕಿ, ಟ್ಯಾಂಕನ್ನು ಬಿಸಿಲಿಗಿಟ್ಟ ಹಾಗೆ ಕಾಯಿಸಿ, ಕೋಣೆಯ ಗಾಳಿಯಲ್ಲಿ ಎಷ್ಟು ಆವಿ ಸೇರಿತೆಂದು ಅಳೆಯುತ್ತಾರೆ. ಬಿಎಸ್ 6 ಪ್ರಕಾರ ಒಂದು ಪರೀಕ್ಷೆಗೆ ಒಂದೂವರೆ ಗ್ರಾಂ ಮೀರಕೂಡದು. ಹೆಂಚಿನ ಸಂದಿ ಬಿಟ್ಟರೆ ನಮ್ಮ ನಡುಮನೆಯೂ ಅಂಥ ಕೋಣೆಯೇ ಆಗಿತ್ತಲ್ಲ, ಅಳೆಯುವ ಯಂತ್ರವಾಗಿ ಅಮ್ಮನ ಮೂಗು ಇತ್ತು. ಆದರೆ ಈ ಒಂದೂವರೆ ಗ್ರಾಮಿನ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಬೇಕು. ಬಂಕಿನಲ್ಲಿ ಪೆಟ್ರೋಲು ಹಾಕಿಸುವಾಗ, ಒಂದೊಂದು ಲೀಟರು ಒಳಗೆ ಹೋದಾಗಲೂ ಅಷ್ಟೇ ಜಾಗದ ಆವಿತುಂಬಿದ ಗಾಳಿ ಹೊರಗೆ ಬರುತ್ತದೆ. ಲೀಟರಿಗೆ ಒಂದು ಗ್ರಾಂ, ಇಲ್ಲವೇ ಅದಕ್ಕಿಂತ ತುಸು ಹೆಚ್ಚು. ನಾಲ್ಕು ಲೀಟರು ಹಾಕಿಸುವ ಎರಡು ನಿಮಿಷದಲ್ಲಿ ಪರೀಕ್ಷೆಯ ಮಿತಿಯ ಎರಡು ಮೂರು ಪಟ್ಟು ಆವಿ ಬಂಕಿನ ಹುಡುಗನ ಮೂಗಿಗೆ ನೇರ ಹೋಗುತ್ತದೆ. ನಾನು ಹೋಗುವ ಬಂಕಿನಲ್ಲಿ ಅವನ ಪರವಾಗಿ ಪೈಪು ಹಾಯಿಸಿದವರನ್ನು ನಾನು ಕಂಡಿಲ್ಲ.

ಪೆಟ್ರೋಲೂ ಬದಲಾಗಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲಿಗೆ ನೀರೆಂದರೆ ಪ್ರೀತಿ. ಮಳೆಗಾಲದ ರಾತ್ರಿ ಟ್ಯಾಂಕು ಒಳಗೆಳೆದುಕೊಳ್ಳುವ ಉಸಿರಿನಲ್ಲಿ ಇರುವ ತೇವವನ್ನೂ ಅದು ಬಿಡುವುದಿಲ್ಲ; ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಗಳಲ್ಲಿ ಇದನ್ನು ಗಮನಿಸಬೇಕು. ಹಳೆಯ ರಬ್ಬರುಗಳಲ್ಲಿ ಕೆಲವು ಎಥನಾಲಿಗೆ ಉಬ್ಬುತ್ತವೆ, ಮೆತ್ತಗಾಗುತ್ತವೆ. ಹಳೆಯ ಗಾಡಿಗೆ ಪೈಪು ಬದಲಿಸುವಾಗ ಎಥನಾಲಿಗೂ ತಾಳುವಂಥದ್ದನ್ನೇ ಕೇಳಿ ಹಾಕಿಸಿ. ಬ್ಯಾಟರಿ ಸ್ಕೂಟರ್ ಕೊಂಡರೆ ಈ ಗೋಳೇ ಇಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಚೇತಕ್ ಹೆಸರೂ 2020ರಲ್ಲಿ ಬ್ಯಾಟರಿ ಹೊತ್ತು ಮರಳಿ ಬಂದಿದೆ, ನಿಜ. ಆದರೆ ಬಿಗಿಯಾಗಿ ಮುಚ್ಚಿದ ಬ್ಯಾಟರಿ ಪೆಟ್ಟಿಗೆಯೊಳಗಿನ ಗಾಳಿಯೂ ಬಿಸಿಲಿಗೆ ಹಿಗ್ಗಿ ನೆರಳಿಗೆ ಕುಗ್ಗುತ್ತದೆ. ಅದಕ್ಕೂ ಒಂದು ಗಾಳಿಕಿಂಡಿ ಇಟ್ಟಿರುತ್ತಾರೆ, ನೀರು ಬಿಡದೆ ಗಾಳಿ ಮಾತ್ರ ಬಿಡುವ ತೆಳು ಪೊರೆಯದು.

ಪೆಟ್ರೋಲ್ ಸ್ಕೂಟರ್ ಇರುವವರಲ್ಲಿ ನನ್ನದೊಂದು ವಿನಂತಿ. ಬಂಕಿನಲ್ಲಿ ಗನ್ನು ಟಪ್ಪೆಂದು ತಾನಾಗಿ ನಿಂತಮೇಲೂ “ರೌಂಡ್ ಫಿಗರ್ ಮಾಡಪ್ಪ” ಎಂದು ಕತ್ತಿನವರೆಗೆ ತುಂಬಿಸುವ ಚಟ ನಮಗೆಲ್ಲ ಇದೆ. ನೆಲದಡಿಯ ತಣ್ಣನೆಯ ತೊಟ್ಟಿಯಿಂದ ಬಂದ ಐದು ಲೀಟರು ಪೆಟ್ರೋಲು ಬಿಸಿಲಲ್ಲಿ ಇಪ್ಪತ್ತು ಡಿಗ್ರಿ ಕಾದರೆ ಸುಮಾರು ನೂರು ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಮೇಲೆ ಜಾಗವಿಲ್ಲದಿದ್ದರೆ ಅದು ಹೋಗುವುದು ಬ್ರೀದರ್ ಪೈಪಿಗೆ, ಹೊಸ ಗಾಡಿಯಲ್ಲಿ ಅಲ್ಲಿಂದ ಕ್ಯಾನಿಸ್ಟರಿಗೆ. ಆವಿ ಹಿಡಿಯಲೆಂದು ಇಟ್ಟ ಇದ್ದಿಲು ಪೆಟ್ರೋಲಿನಲ್ಲಿ ನೆಂದರೆ ಕೆಟ್ಟಿತೆಂದೇ ಲೆಕ್ಕ. ಆ ಡಬ್ಬಿಯನ್ನೇ ಬದಲಿಸಬೇಕಾಗುತ್ತದೆ. ಗನ್ನು ನಿಂತಲ್ಲಿಗೆ ಸಾಕು ಎನ್ನಿ. ಫೋನಿನಲ್ಲಿ ದುಡ್ಡು ಕೊಡುವ ಈ ಕಾಲದಲ್ಲಿ ಮುನ್ನೂರ ಎಂಬತ್ತೇಳು ರೂಪಾಯಿಗೂ ಚಿಲ್ಲರೆಯ ತಾಪತ್ರಯವಿಲ್ಲ.